ಇಶ್ಬೆಲ್‌ಗೆ ಓದಿ ಹೇಳಿದ ಹುಲ್ಲುಗಾವಲು

ದಕ್ಷಿಣ ಯೂಸ್ಟ್ ದ್ವೀಪ
4 ಜೂನ್ 1950

ಡೊಲಿನಾ ಅವರಿಗೆ,

ನಿಮ್ಮ ಮುಖ ನೋಡಿದವಳಲ್ಲ ನಾನು. ಆದರೂ ಮೂರು ದಿನದಿಂದ ನಿಮ್ಮ ಕಾರ್ಡನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೇನೆ. ಮಾರ್ಚಿನಿಂದ ಆಸ್ಪತ್ರೆಯವರು ಎರಡು ಕಾಗದ ಕಳಿಸಿದ್ದಾರೆ. ಎರಡೂ ಇಂಗ್ಲಿಷಿನವು. ಎರಡರಲ್ಲೂ ‘ಸ್ಥಿತಿ ತೃಪ್ತಿಕರ’ ಎಂದಷ್ಟೇ ಇದೆ ಎಂದು ನಮ್ಮ ಪಾದ್ರಿ ಓದಿ ಹೇಳಿದರು. ನಿಮ್ಮದು ನಾಲ್ಕೇ ಸಾಲು. ‘ನಾನು ಈ ಆಸ್ಪತ್ರೆಯಲ್ಲಿ ನೆಲ ಒರೆಸುವವಳು, ಹ್ಯಾರಿಸ್ ದ್ವೀಪದವಳು, ನಿನ್ನ ಮಗಳು ನಮ್ಮ ಗೇಲಿಕ್ ಭಾಷೆಯಲ್ಲಿ ಅಳುವುದು ಕಿವಿಗೆ ಬಿತ್ತು, ಹೇಳುವುದಿದ್ದರೆ ಬರೆ, ಓದಿ ಹೇಳುತ್ತೇನೆ’ ಎಂದು. ಆ ನಾಲ್ಕು ಸಾಲಿನಲ್ಲಿ ನನ್ನ ಮಗಳು ಇದ್ದಾಳೆ.

ಇಶ್ಬೆಲ್‌ಗೆ ಐದು ವರ್ಷ. ಸೊಂಟದ ಮೂಳೆಗೆ ಕ್ಷಯ ಎಂದು ಹಡಗು ಹತ್ತಿಸಿ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ನನ್ನ ಗಂಡ ಕಾಲಮ್ ಸರಕು ಹಡಗಿನಲ್ಲಿ ದುಡಿಯುತ್ತಾನೆ, ಈಗ ಆಸ್ಟ್ರೇಲಿಯಾದ ಕಡೆ. ನನಗೆ ಏಳು ತಿಂಗಳು. ಅಲ್ಲಿಗೆ ಎರಡು ದಿನದ ದಾರಿ. ಬಂದರೂ ತಿಂಗಳಿಗೆ ಒಂದೇ ಮಧ್ಯಾಹ್ನ ಒಳಗೆ ಬಿಡುತ್ತಾರಂತೆ. ತಾಯಂದಿರು ಬಂದು ಹೋದರೆ ಮಕ್ಕಳು ವಾರಗಟ್ಟಲೆ ಅಳುತ್ತವೆ, ಬರದಿರುವುದೇ ಮೇಲು ಎಂದೂ ಬರೆದಿದ್ದಾರೆ.

ಅವಳು ನನ್ನನ್ನು ಮರೆತರೆ ಏನು ಮಾಡಲಿ? ಐದು ವರ್ಷದ ಮಗುವಿಗೆ ಎಷ್ಟು ದಿನ ನೆನಪಿರುತ್ತದೆ? ನನಗೆ ಬೇರೆ ದಾರಿ ಹೊಳೆಯಲಿಲ್ಲ. ನಾವಿಬ್ಬರೂ ಬೇಸಿಗೆಯ ಬೆಳಿಗ್ಗೆ ನಡೆಯುತ್ತಿದ್ದ ದಾರಿಯನ್ನೇ ಬರೆಯುತ್ತೇನೆ. ಕೆಳಗಿನದನ್ನು ಅವಳ ಕಿವಿಯ ಹತ್ತಿರ, ನಿಧಾನವಾಗಿ ಓದಿ.

ಇಶ್ಬೆಲ್, ಇವತ್ತು ಅಮ್ಮ ಒಬ್ಬಳೇ ಹೋಗಿದ್ಲು. ಕಡಲಂಚಿನ ಮಾಖರ್ ಬಯಲಿಗೆ ಇಳೀತಿದ್ದ ಹಾಗೇ ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೊಂಡೆ. ಮರಳು ಇನ್ನೂ ತಣ್ಣಗಿತ್ತು. ಡೈಸಿ ಹೂಗಳು ಕಣ್ಣು ಬಿಟ್ಟಿರಲಿಲ್ಲ, ಸೋಮಾರಿಗಳು. ನೀನು ಕೇಳ್ತಿದ್ದ ಹುಲ್ಲುಕೋಳಿ ಇದೆಯಲ್ಲ, ಬಾಚಣಿಗೆ ಹಲ್ಲನ್ನ ಉಗುರಲ್ಲಿ ಗೀರಿದ ಹಾಗೆ ಕೂಗೋದು, ಅದು ಕೂಗ್ತಾನೇ ಇತ್ತು, ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ. ಜುಟ್ಟಿನ ಟಿಟ್ಟಿಭ ನನ್ನ ನೋಡಿ ರೆಕ್ಕೆ ಮುರಿದ ಹಾಗೆ ನಾಟಕ ಮಾಡ್ತು. ಕುಂಟಿಕೊಂಡು ಕುಂಟಿಕೊಂಡು ನನ್ನ ದೂರ ಕರ್ಕೊಂಡು ಹೋಯ್ತು. ಮರಿ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಆದ್ರೂ ಮೋಸ ಹೋದವಳ ಹಾಗೆ ಅದರ ಹಿಂದೆ ಹೋದೆ. ನಮ್ಮ ಹಸು ಬ್ಲಾರಗ್ ಗೂಟದ ಹತ್ತಿರ ಕಾಯ್ತಾ ನಿಂತಿದ್ಲು. ನೀನು ಎಲ್ಲಿ ಅಂತ ಹಿಂದೆ ತಿರುಗಿ ನೋಡಿದ್ಲು. ನಿನ್ನ ಚಿಪ್ಪು ತೊಳೆದು ಇಟ್ಟಿದ್ದೀನಿ.

ಮಾರ್ಸಲಿ

15 ಜೂನ್ 1950

ಮಾರ್ಸಲಿ ಹುಡುಗಿಗೆ,

ನಿನ್ನ ಪತ್ರದ ತಾರೀಖು ನೋಡಿದೆ. ಭಾನುವಾರ. ನಿಮ್ಮ ಪೋಪ್ ಕಡೆಯವರಿಗೆ ಆ ದಿನ ಬರೆಯುವುದು ನಡೆಯುತ್ತದೆ. ನಮ್ಮ ಹ್ಯಾರಿಸಿನಲ್ಲಿ ಭಾನುವಾರ ಹುಂಜವನ್ನೂ ಬುಟ್ಟಿಯಡಿ ಮುಚ್ಚಿಡುತ್ತಾರೆ, ಕೋಳಿಯ ಹಿಂದೆ ಓಡಿ ಪಾಪ ಕಟ್ಟಿಕೊಳ್ಳದಿರಲಿ ಎಂದು. ಗುರುವಾರ ನನಗೆ ಅರ್ಧ ದಿನ ರಜೆ. ನನ್ನ ಪತ್ರವೆಲ್ಲ ಗುರುವಾರದ್ದೇ ಆಗಿರುತ್ತದೆ.

ನಿನ್ನ ಮಗಳನ್ನು ಕಬ್ಬಿಣದ ಚೌಕಟ್ಟಿಗೆ ಪಟ್ಟಿಯಿಂದ ಬಿಗಿದು ಅಂಗಾತ ಮಲಗಿಸಿದ್ದಾರೆ. ಮೂಳೆ ಕೂಡಲಿ ಎಂದು ಹಾಗೆ. ನೋವು ಕಡಿಮೆ, ಬೇಸರ ಹೆಚ್ಚು. ತಲೆ ಎತ್ತುವ ಹಾಗಿಲ್ಲ, ಹೊರಳುವ ಹಾಗಿಲ್ಲ. ಅವಳ ಮಂಚದ ಕೆಳಗೆ ನೆಲ ಒರೆಸುತ್ತಾ ನಿನ್ನ ಕಾಗದ ಓದಿದೆ. ಹಿರಿಯ ನರ್ಸ್ ಬಂದು, ಆ ಒಂದು ಮಂಚದಡಿ ಅಷ್ಟು ಹೊತ್ತು ಏನು ಒರೆಸುತ್ತೀರಿ ಎಂದರು. ಹಟಮಾರಿ ಕಲೆ ಎಂದೆ.

ಟಿಟ್ಟಿಭದ ನಾಟಕ ಕೇಳಿ ನಕ್ಕಳು. ಅವಳು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಕೇಳಿದಳು, “ಚಿಪ್ಪನ್ನ ಕಿಟಕಿ ಹತ್ರ ಇಟ್ಟಿದ್ದಾಳಾ, ಒಲೆ ಹತ್ರ ಇಟ್ಟಿದ್ದಾಳಾ? ಒಲೆ ಹತ್ರ ಇಟ್ರೆ ಬೆಕ್ಕು ಬೀಳಿಸುತ್ತೆ, ಹೇಳಿ ಅವಳಿಗೆ.” ಹೇಳಿದ್ದೇನೆ ನೋಡು. ಎಂಥ ಚಿಪ್ಪು ಅದು?

ಇನ್ನೊಂದು ಮಾತು. ಇಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಬೇಕು. ಮಗುವಿಗೆ ಬಾಯಾರಿಕೆಯೋ ನೋವೋ ನರ್ಸ್‌ಗಳಿಗೆ ತಿಳಿಯಬೇಡವೇ ಎನ್ನುತ್ತಾರೆ. ಅವರದೂ ತಪ್ಪು ಎನ್ನಲಾರೆ. ಕದ್ದು ಓದುವುದು ನನಗೆ ಬಿಟ್ಟಿದ್ದು.

ಡೊಲಿನಾ

9 ಜುಲೈ 1950

ಡೊಲಿನಾ ಅವರಿಗೆ,

ಇವತ್ತೂ ಭಾನುವಾರವೇ. ಪೂಜೆ ಮುಗಿಸಿ ಬಂದು ಬರೆಯುತ್ತಿದ್ದೇನೆ, ನಿಮ್ಮ ಹುಂಜಕ್ಕೆ ಹೇಳಬೇಡಿ.

ಚಿಪ್ಪನ್ನು ಕಿಟಕಿಯ ಹತ್ತಿರ ಇಟ್ಟೆ. ಅದು ಕಡಲ ಚಿಪ್ಪು, ಬೀಸಣಿಗೆಯಂಥದು, ಅವಳ ಅಂಗೈಯಷ್ಟು. ನಮ್ಮ ಕಡೆ ಬೇಸಿಗೆಯಲ್ಲಿ ಬಯಲಿನಲ್ಲೇ ಹಾಲು ಕರೆಯುತ್ತೇವೆ. ಮೊದಲ ನೊರೆಹಾಲು ಮನೆಯ ಕಿರಿಯ ಮಗುವಿಗೆ. ಮಗು ಬರಿಗಾಲಲ್ಲಿ ಹೂವಿನ ನಡುವೆ ನಿಂತು, ಗಾಳಿಗೆ ಬೆನ್ನು ಮಾಡಿ, ಚಿಪ್ಪಿನಿಂದಲೇ ಬಿಸಿಬಿಸಿ ಕುಡಿಯಬೇಕು. ಹಾಗೆ ಕುಡಿದ ಮಗುವಿಗೆ ಮೂಳೆ ಗಟ್ಟಿ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಮೂರು ಬೇಸಿಗೆ ಒಂದು ದಿನವೂ ತಪ್ಪಿಸಿದವಳಲ್ಲ ನಾನು. ಆದರೂ ಅವಳ ಮೂಳೆಗೇ ಬಂತು. ದೇವರ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ಇದನ್ನು ಓದಿ. ಇಶ್ಬೆಲ್, ಈಗ ಬಯಲು ಪೂರ್ತಿ ಹಳದಿ. ಮೊಗ್ಗಲ್ಲಿ ಕೆಂಪು, ಅರಳಿದ್ರೆ ಹಳದಿ ಆಗೋ ಚಿಕ್ಕ ಹೂ ಇದೆಯಲ್ಲ, ಅದರ ಮೇಲೆ ಕೂರ್ಬೇಕಾದ್ರೂ ಪಾಪ ಅನ್ಸುತ್ತೆ. ನಡುನಡುವೆ ಕ್ಲೋವರು, ನೇರಳೆ ಆರ್ಕಿಡ್ಡು. ರೈ ಬೆಳೆಯೊಳಗೆ ಗಸಗಸೆ ಹೂ ಕೆಂಪಗೆ ಇಣುಕ್ತಾ ಇತ್ತು. ದಪ್ಪ ದುಂಬಿ ಒಂದು ಬಂದು ನನ್ನ ಲಂಗದ ಮೇಲಿನ ಹೂವನ್ನೇ ನಿಜ ಅಂದ್ಕೊಂಡು ಕೂತ್ಕೊಳ್ತು. ನೀನಿದ್ದಿದ್ರೆ ಹೆದರಿ ಓಡ್ತಿದ್ದೆ. ಮರಳದಿಬ್ಬದ ಆಚೆ ಸೀಲ್‌ಗಳು ಬಂಡೆ ಮೇಲೆ ಹಾಡ್ತಿದ್ವು. ಬ್ಲಾರಗ್ ಹಾಲು ಬೆಚ್ಚಗಿತ್ತು. ನಿನ್ನ ಪಾಲು ಚೆಲ್ಲದೆ ನಾನೇ ಕುಡ್ದೆ.

ಅವಳು ಏನು ಹೇಳುತ್ತಾಳೋ ಅದನ್ನು ಅವಳ ಮಾತಿನಲ್ಲೇ ಬರೆಯಿರಿ. ಒಂದು ಪದವನ್ನೂ ತಿದ್ದಬೇಡಿ. ನನಗೆ ಅವಳ ದನಿ ಕೇಳಬೇಕು.

ಮಾರ್ಸಲಿ

3 ಆಗಸ್ಟ್ 1950

ಮಾರ್ಸಲಿಗೆ,

ಓದಿದೆ. ದುಂಬಿಯ ಕತೆಗೆ ಅವಳ ಉತ್ತರ ಇದು: “ನಾನೇನ್ ಹೆದರಲ್ಲ. ಅಮ್ಮನೇ ಹೆದರೋದು.” ಅಷ್ಟೇ. ಆಮೇಲೆ ನಿದ್ದೆ ಹೋದಳು.

ಇನ್ನು ಮುಂದೆ ಹೂವು, ಹಕ್ಕಿ ಇಷ್ಟನ್ನೇ ಬರೆ. ತಿನ್ನುವ ಕುಡಿಯುವ ಸುದ್ದಿ ಬೇಡ. ಇಲ್ಲಿಯ ಸಪ್ಪೆ ಗಂಜಿ ತಿನ್ನುವ ಮಗುವಿಗೆ ಯಾಕೆ ಆಸೆ ಹುಟ್ಟಿಸುವುದು. ನಿನ್ನ ಹೆರಿಗೆ ಸುಸೂತ್ರವಾಗಲಿ. ನಿನಗಾಗಿ ಪ್ರಾರ್ಥನೆ ಮಾಡುತ್ತೇನೆ, ನಮ್ಮ ಕಡೆಯ ಪ್ರಾರ್ಥನೆ ನಿಮ್ಮ ಕಡೆಗೆ ತಟ್ಟುತ್ತದೋ ಇಲ್ಲವೋ.

ಡೊಲಿನಾ

11 ಜನವರಿ 1951

ಮಾರ್ಸಲಿಗೆ,

ನಿನ್ನ ಮೂರು ಪತ್ರವೂ ಬಂದವು. ಗಂಡು ಮಗು ಎಂದು ಕೇಳಿ ಸಂತೋಷವಾಯಿತು. ರೋರಿ ಒಳ್ಳೆಯ ಹೆಸರು.

ತಡವಾಯಿತು, ಬೈಯಬೇಡ. ನನ್ನ ಮೊಣಕಾಲು ಊದಿತ್ತು. ಇಶ್ಬೆಲ್‌ಳನ್ನು ಹೊರಗಿನ ಜಗುಲಿಗೆ ಹಾಕಿದ್ದಾರೆ. ಹಗಲೂ ರಾತ್ರಿ ತೆರೆದ ಗಾಳಿ, ಅದೇ ಔಷಧಿ ಎನ್ನುತ್ತಾರೆ. ಕಂಬಳಿಯ ಮೇಲೆ ಹಿಮ ಬಿದ್ದದ್ದನ್ನು ಬೆಳಿಗ್ಗೆ ನಾನೇ ಗುಡಿಸುತ್ತೇನೆ. ಕೆನ್ನೆ ಕೆಂಪಗಿದೆ, ತೂಕ ಏರಿದೆ.

ನಿನ್ನ ಪತ್ರ ಓದಿದಾಗ ಕೇಳಿದಳು, “ಆ ಕುಂಟೋ ಹಕ್ಕಿ ಚಳಿಗಾಲ್ದಲ್ಲಿ ಎಲ್ಲಿರುತ್ತೆ? ಅದರ ಮರಿ ದೊಡ್ಡದಾಯ್ತಾ? ರೋರಿ ನನ್ನ ಮಂಚದಲ್ಲಿ ಮಲಗಬಾರ್ದು ಅಂತ ಹೇಳಿ.” ಬಹಳ ಮಾತಾಡಿದಳು. ನೀನು ಚಿಂತೆ ಮಾಡಬೇಡ.

ಡೊಲಿನಾ

20 ಮೇ 1951

ಡೊಲಿನಾ ಅವರಿಗೆ,

ಜನವರಿಯ ಪತ್ರ ಮಡಿಕೆಯಲ್ಲಿ ಹರಿದುಹೋಗಿದೆ, ಅಷ್ಟು ಸಲ ಬಿಚ್ಚಿದ್ದೇನೆ. ಅವಳು ಟಿಟ್ಟಿಭವನ್ನು ನಿಮ್ಮ ಹ್ಯಾರಿಸಿನವರ ಹಾಗೆ ‘ಕುಂಟೋ ಹಕ್ಕಿ’ ಎಂದಿದ್ದಾಳೆ, ನಮ್ಮ ಕಡೆ ಹಾಗೆ ಅನ್ನುವುದಿಲ್ಲ. ನಿಮ್ಮಿಂದ ಕಲಿತಿದ್ದಾಳೆ. ಮೊದಲು ಹೊಟ್ಟೆ ಉರಿಯಿತು. ಆಮೇಲೆ ಯಾರ ಹೆಸರಾದರೇನು, ನಮ್ಮ ಮಾತೇ ತಾನೆ ಅಂದುಕೊಂಡೆ.

ಒಂದು ವರ್ಷ ಎಂದಿದ್ದರು. ಒಂದು ವರ್ಷ ಎರಡು ತಿಂಗಳಾಯಿತು. ಮಾರ್ಚಿನಲ್ಲಿ ನಾನು ಕೈಕೂಸನ್ನು ಎತ್ತಿಕೊಂಡು ಬಂದರಿಗೆ ಹೋಗಿದ್ದೆ, ಹೇಳದೆ ಕೇಳದೆ ನಿಮ್ಮಲ್ಲಿಗೆ ಬಂದುಬಿಡೋಣವೆಂದು. ಬಿರುಗಾಳಿಗೆ ಹಡಗು ಮೂರು ದಿನ ಬರಲಿಲ್ಲ. ರೋರಿಗೆ ಜ್ವರ ಬಂತು, ಹಿಂದಕ್ಕೆ ಬಂದೆ. ಇದನ್ನು ನಿಮಗೆ ಬರೆದಿರಲಿಲ್ಲ. ಬಂದರಿನಲ್ಲಿ ನಿಂತು ಕಿರುಚಿದೆ ಡೊಲಿನಾ. ಜನ ನೋಡಿದರು, ನೋಡಲಿ.

ಓದಿ. ಇಶ್ಬೆಲ್, ಇವತ್ತು ರೋರಿನ ಬೆನ್ನಿಗೆ ಕಟ್ಕೊಂಡು ಹೋದೆ. ಬೆಳಿಗ್ಗೆ ನಾಲ್ಕಕ್ಕೇ ಬೆಳಕು. ಬಾನಾಡಿ ಮೇಲೆ ಮೇಲೆ ಹೋಗ್ತಾ ಹಾಡ್ತಾ ಇತ್ತು, ಅವನು ಕತ್ತೆತ್ತಿ ಬಾಯಿ ಬಿಟ್ಕೊಂಡು ನೋಡ್ದ. ಸಂತ ಬ್ರೀಡಳ ಹಕ್ಕಿ ಕೆಂಪು ಕೊಕ್ಕು ಆಡಿಸ್ತಾ ನಮ್ಮನ್ನ ಬೈಕೊಂಡು ಓಡಾಡ್ತು. ಮರಳಲ್ಲಿ ನೀರುನಾಯಿ ಹೆಜ್ಜೆ ಸಿಕ್ತು. ನಿನ್ನ ಕಾಲಿನ ಗುರುತು ಹೋದ ವರ್ಷದ್ದು ಇರುತ್ತಾ ಅಂತ ನಾನು ನೋಡ್ದೆ, ಹುಚ್ಚಿ ನಾನು. ಬೇಗ ಬಾ.

ಈ ಸಾಲುಗಳು ನಿಮಗೆ. ರೋರಿಗೆ ಒಂಬತ್ತು ತಿಂಗಳಾಯಿತು. ಬರುವ ತಿಂಗಳ ಸಂತ ಜಾನರ ದಿನ ಅವನಿಗೆ ಮೊದಲ ನೊರೆಹಾಲು ಕೊಡಬೇಕೆಂದಿದ್ದೇನೆ. ಚಿಪ್ಪು ಅಕ್ಕನದು. ಅವಳಿಗೆ ಹೇಳಿ ಒಪ್ಪಿಗೆ ಕೇಳುತ್ತೀರಾ?

ಮಾರ್ಸಲಿ

31 ಮೇ 1951

ಮಾರ್ಸಲಿ,

ಚಿಪ್ಪಿನಲ್ಲಿ ಕೊಡಬೇಡ. ಹಾಲು ಚೆನ್ನಾಗಿ ಕುದಿಸಿ, ಆರಿಸಿ, ಬಟ್ಟಲಲ್ಲಿ ಕೊಡು. ಬಯಲಿನಲ್ಲಿ ಬೇಡವೇ ಬೇಡ. ನೀನೂ ಹಸಿ ಹಾಲು ಕುಡಿಯಬೇಡ. ಇಲ್ಲಿ ಪೇಟೆಯಲ್ಲಿ ಎಲ್ಲರೂ ಕುದಿಸಿಯೇ ಕೊಡುವುದು, ಅದಕ್ಕೇ ಹೇಳಿದೆ. ಬೇರೇನೂ ಇಲ್ಲ.

ಇಶ್ಬೆಲ್ ಚೆನ್ನಾಗಿದ್ದಾಳೆ. ಒಪ್ಪಿಗೆ ಕೇಳಲಿಲ್ಲ.

ಡೊಲಿನಾ

9 ಆಗಸ್ಟ್ 1951

ಮಾರ್ಸಲಿ,

ಜೂನು ಹೋಯಿತು, ಜುಲೈ ಹೋಯಿತು. ಒಂದು ಗೆರೆ ಇಲ್ಲ. ಕೈಗೊಂದು ಮಗು ಬಂತೆಂದು ಮಂಚ ಹಿಡಿದದ್ದನ್ನು ಮರೆತೆಯಾ? ನಿನ್ನಂಥವರನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ. ಮೊದಲ ವರ್ಷ ವಾರಕ್ಕೊಂದು ಪತ್ರ, ಎರಡನೆಯ ವರ್ಷ ಕ್ರಿಸ್‌ಮಸ್ಸಿಗೊಂದು ಕಾರ್ಡು. ನೀನು ಅಂಥವಳಲ್ಲ ಎಂದುಕೊಂಡಿದ್ದೆ. ಅಂಚೆ ಬಂದಾಗಲೆಲ್ಲ ಕೆಳಗೆ ಹೋಗಿ ನೋಡುತ್ತೇನೆ, ಊದಿದ ಮೊಣಕಾಲಲ್ಲಿ ನಲವತ್ತು ಮೆಟ್ಟಿಲು.

ಡೊಲಿನಾ

26 ಆಗಸ್ಟ್ 1951

ಡೊಲಿನಾ ಅವರಿಗೆ,

ನೀವು ಕುದಿಸಿ ಕೊಡು ಎಂದಿರಿ. ಬೇರೇನೂ ಇಲ್ಲ ಎಂದಿರಿ. ಹಾಗೆಂದದ್ದಕ್ಕೇ ನನಗೆ ಅನುಮಾನ ಬಂತು. ಸೈಕಲ್ ಮೇಲೆ ಮನೆಮನೆಗೆ ಬರುವ ನಮ್ಮ ನರ್ಸನ್ನು ನಿಲ್ಲಿಸಿ ಕೇಳಿದೆ, “ಹಾಲಿನಿಂದ ಏನಾಗುತ್ತೆ?” ಅವಳು ಸೈಕಲ್ ಇಳಿದಳು. “ಮಾರ್ಸಲಿ, ಯಾರೂ ನಿಮಗೆ ಹೇಳಿಲ್ವಾ? ಮಕ್ಕಳ ಮೂಳೆಗೆ ಬರೋ ಕ್ಷಯ ಎಷ್ಟೋ ಸಲ ಹಸುವಿನಿಂದಾನೇ ಬರೋದು.” ಜುಲೈಯಲ್ಲಿ ದನದ ಡಾಕ್ಟರು ಬಂದು ಬ್ಲಾರಗ್‌ಳ ಕತ್ತಿಗೆ ಸೂಜಿ ಚುಚ್ಚಿದರು. ಮೂರು ದಿನಕ್ಕೆ ಅಲ್ಲಿ ಗಡ್ಡೆ ಎದ್ದಿತು, ಕ್ಷಯವಿದ್ದರೆ ಹಾಗೆ ಏಳುತ್ತದಂತೆ. ಕೊಲ್ಲಲೆಂದು ಹೊಡೆದುಕೊಂಡು ಹೋದರು. ರೋರಿಗೆ ಏನೂ ಆಗಿಲ್ಲ. ಅವನು ನನ್ನ ಹಾಲನ್ನೇ ಕುಡಿಯುತ್ತಿದ್ದ.

ಮೂರು ಬೇಸಿಗೆ, ಒಂದು ದಿನವೂ ತಪ್ಪಿಸದೆ, ನನ್ನ ಕೈಯಾರೆ ಕುಡಿಸಿದೆ. ಅವಳು ಕೆಲವು ದಿನ ಬೇಡ ಅನ್ನುತ್ತಿದ್ದಳು. “ನೊರೆ ಮೂಗಿಗೆ ಹೋಗುತ್ತೆ” ಅನ್ನುತ್ತಿದ್ದಳು. ನಾನು ಗದ್ದ ಹಿಡಿದು ಕುಡಿಸಿದ್ದೇನೆ. ಜೂನಿನಿಂದ ಒಂದು ದಿನವೂ ಆ ಬಯಲಿನ ಕಡೆ ಹೆಜ್ಜೆ ಇಟ್ಟಿಲ್ಲ. ಏನು ಬರೆಯಲಿ ಅವಳಿಗೆ? ಯಾವ ಹೂವಿನ ಸುದ್ದಿ ಬರೆಯಲಿ?

ಸತ್ಯ ಹೇಳಿ. ಅವಳಿಗೆ ಇದು ಗೊತ್ತೇ? ಅಮ್ಮನಿಂದ ಹೀಗಾಯಿತೆಂದು ಯಾರಾದರೂ ಅವಳಿಗೆ ಹೇಳಿದ್ದಾರೆಯೇ?

ಮಾರ್ಸಲಿ

2 ಸೆಪ್ಟೆಂಬರ್ 1951

ಮಾರ್ಸಲಿ, ನನ್ನ ಮಗಳೇ,

ಇವತ್ತು ಭಾನುವಾರ. ಐವತ್ತೆರಡು ವರ್ಷದಲ್ಲಿ ಭಾನುವಾರ ಪೆನ್ನು ಹಿಡಿದದ್ದು ಇದೇ ಮೊದಲು. ಗುರುವಾರದವರೆಗೆ ಕಾಯಲಾರೆ.

ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ಹೋದ ವರ್ಷ ಜುಲೈಯಲ್ಲೇ ಡಾಕ್ಟರು ವೈದ್ಯ ಕಲಿಯುವ ಹುಡುಗರಿಗೆ ಪಾಠ ಹೇಳುತ್ತಾ ಅವಳ ಮಂಚದ ಬಳಿ ನಿಂತು, ಇದು ಹಾಲಿನಿಂದ ಬಂದದ್ದು ಎಂದದ್ದು ಕೇಳಿಸಿಕೊಂಡೆ. ಅದಕ್ಕೇ ನಿನ್ನ ಪತ್ರದಲ್ಲಿ ಹಾಲಿನ, ಚಿಪ್ಪಿನ ಸಾಲು ಬಂದಾಗಲೆಲ್ಲ ಹಾರಿಸಿ ಓದಿದೆ. ನಿನಗೆ ತಿಳಿಸಲು ಬಾಯಿ ಬರಲಿಲ್ಲ. ನೀನು ಕುಡಿಸಿದ್ದು ಹಾಲು, ವಿಷವಲ್ಲ. ನನ್ನ ತಾಯಿ ಏಳು ಮಕ್ಕಳಿಗೆ ಅದನ್ನೇ ಕುಡಿಸಿದಳು. ನಿನ್ನ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಆಗಸ್ಟಿನಲ್ಲಿ ಬೈದದ್ದಕ್ಕೆ ನನ್ನ ನಾಲಗೆ ಬಿದ್ದುಹೋಗಲಿ.

ಸತ್ಯ ಹೇಳಿ ಎಂದೆಯಲ್ಲ, ಇನ್ನೊಂದಿದೆ. ಹೋದ ಕ್ರಿಸ್‌ಮಸ್ಸಿನ ಹಿಂದಿನ ವಾರ ನಾನು ನಿನ್ನ ಪತ್ರ ಓದುತ್ತಿದ್ದೆ. ಅವಳು ಸೂರು ನೋಡುತ್ತಾ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಇಂಗ್ಲಿಷಿನಲ್ಲಿ, ತುಂಬಾ ಮರ್ಯಾದೆಯಿಂದ, “ಕ್ಷಮಿಸಿ, ನೀವು ಏಕೆ ಹೀಗೆ ವಿಚಿತ್ರವಾಗಿ ಮಾತನಾಡುತ್ತೀರಿ?” ಎಂದು ಕೇಳಿದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮರುದಿನ ಕೇಳಿದೆ, ಅದರ ಮರುದಿನ ಕೇಳಿದೆ. ನೀರು, ಅಮ್ಮ, ಹಕ್ಕಿ, ಒಂದೊಂದೇ ಪದ ಹೇಳಿ ಕೇಳಿದೆ. ಅವಳಿಗೆ ನಮ್ಮ ಮಾತು ಹೋಗಿಬಿಟ್ಟಿದೆ ಮಾರ್ಸಲಿ. ಒಂದು ಪದವೂ ಉಳಿದಿಲ್ಲ.

ಜನವರಿಯಲ್ಲಿ ಬರೆದ ಮಾತೆಲ್ಲ ನನ್ನದು. ಹಕ್ಕಿ ಚಳಿಗಾಲದಲ್ಲಿ ಎಲ್ಲಿರುತ್ತೆ ಎಂದು ಕೇಳಿದ್ದು ಅವಳಲ್ಲ, ಐದು ವರ್ಷದ ನಾನು, ನನ್ನ ಅಮ್ಮನ ಹತ್ತಿರ. ನೀನು ಬಂದರಿನಲ್ಲಿ ಕಿರುಚಿದೆ ಎಂದು ಬರೆದಾಗ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಆದರೂ ನಿನ್ನ ಪತ್ರ ಓದುವುದನ್ನು ನಾನು ನಿಲ್ಲಿಸಿಲ್ಲ. ಅರ್ಥವಾಗದಿದ್ದರೂ ಕೇಳುತ್ತಾಳೆ, ಕೆಲವು ಸಲ ಕಣ್ಣು ಮುಚ್ಚುತ್ತಾಳೆ.

ಡೊಲಿನಾ

9 ಸೆಪ್ಟೆಂಬರ್ 1951

ನೀವು ನನ್ನ ಮಗಳ ದನಿಯಲ್ಲಿ ನನಗೆ ಬರೆದಿರಿ. ಎಂಟು ತಿಂಗಳು ಆ ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಅದು ಒಲೆಗೆ ಹೋಯಿತು. ಇನ್ನು ನನಗೆ ಬರೆಯಬೇಡಿ.

ಅವಳು ಮರೆತದ್ದೇ ಒಳ್ಳೆಯದಾಯಿತೇನೋ. ಯಾವ ಕೈ ಕುಡಿಸಿತೆಂದೂ ಮರೆತಿರುತ್ತಾಳೆ.

ಮಾರ್ಸಲಿ

16 ಮಾರ್ಚ್ 1952

ಡೊಲಿನಾ ಅವರಿಗೆ,

ಬರೆಯಬೇಡಿ ಎಂದವಳು ನಾನೇ ಬರೆಯುತ್ತಿದ್ದೇನೆ. ನಗುವುದಾದರೆ ನಕ್ಕುಬಿಡಿ.

ಆಸ್ಪತ್ರೆಯಿಂದ ಕಾಗದ ಬಂದಿದೆ. ಮೂಳೆ ಕೂಡಿದೆಯಂತೆ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ ಮೇ ಇಪ್ಪತ್ತಕ್ಕೆ ಹಡಗಿನಲ್ಲಿ ಕಳಿಸುತ್ತಾರಂತೆ. ಪಾದ್ರಿ ಓದಿ ಮುಗಿಸಿ ನನ್ನ ಮುಖ ನೋಡಿದರು, ನಾನು ಕುಣಿಯುತ್ತೇನೆ ಅಂದುಕೊಂಡಿದ್ದರೋ ಏನೋ. ನಾನು ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು ಎದ್ದು ಬಂದೆ.

ನನ್ನ ಮಗಳು ಮನೆಗೆ ಬರುತ್ತಾಳೆ. ಬಂದಾಗ ಅವಳ ಹತ್ತಿರ ಏನೆಂದು ಮಾತಾಡಲಿ? ಶಾಲೆಯಲ್ಲಿ ನನಗೂ ಇಂಗ್ಲಿಷ್ ಕಲಿಸಿದ್ದಾರೆ. ಹನ್ನೆರಡಕ್ಕೆ ಶಾಲೆ ಬಿಟ್ಟೆ. ರಾಜರ ಹೆಸರು ಬರುತ್ತವೆ, ನದಿಗಳ ಹೆಸರು ಬರುತ್ತವೆ. ಅಳುವ ಮಗುವಿಗೆ ಏನು ಹೇಳಬೇಕೆಂದು ಅದರಲ್ಲಿ ಯಾರೂ ಕಲಿಸಲಿಲ್ಲ. ಊರಿನಲ್ಲಿ ಕೇಳೋಣವೆಂದರೆ ಮೇಷ್ಟ್ರ ಹೆಂಡತಿ, “ನಿಮ್ಮ ಮಾತು ಅವಳೇ ಕಲೀತಾಳೆ ಬಿಡಿ, ಮಕ್ಕಳಿಗೆ ಒಂದು ತಿಂಗಳು ಸಾಕು” ಅಂದಳು. ಆ ಒಂದು ತಿಂಗಳು ಅವಳು ಯಾರ ಹತ್ತಿರ ಅಳಬೇಕು? ಒಮ್ಮೆ ಅವಳ ಮಾತು ಬಾರದವರ ನಡುವೆ ಅವಳನ್ನು ಒಬ್ಬಳನ್ನೇ ಹಾಕಿದ್ದೇವೆ. ಎರಡನೆಯ ಸಲ ನಾನು ಹಾಕಲಾರೆ.

ನನಗೆ ಅವಳ ಮಾತು ಕಳಿಸಿ. ಬೆಳಿಗ್ಗೆ ನರ್ಸ್‌ಗಳು ಅವಳಿಗೆ ಏನು ಹೇಳುತ್ತಾರೆ, ಅವಳು ಏನು ಹೇಳುತ್ತಾಳೆ, ಎಲ್ಲ ಬರೆಯಿರಿ. ಈ ಸಲ ನಿಮ್ಮ ಕಡೆಯಿಂದ ಏನೂ ಸೇರಿಸಬೇಡಿ, ಕೈ ಮುಗಿಯುತ್ತೇನೆ.

ಮಾರ್ಸಲಿ

27 ಮಾರ್ಚ್ 1952

ಮಾರ್ಸಲಿಗೆ,

ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ. ಹಿರಿಯ ನರ್ಸ್ ಬಂದು ಯಾರು ಸತ್ತರು ಎಂದು ಕೇಳಿದರು.

ಐದು ದಿನ ಅವಳ ಮಂಚದಡಿಯಲ್ಲೇ ಒರೆಸಿದ್ದೇನೆ. ಕೇಳಿಸಿಕೊಂಡದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಇಂಗ್ಲಿಷ್ ಮಾತನ್ನು ನಮ್ಮವರ ಬಾಯಿಗೆ ಒಗ್ಗುವ ಹಾಗೆ ಬರೆದು, ಪಕ್ಕದಲ್ಲಿ ಅರ್ಥ ಬರೆದಿದ್ದೇನೆ. ನೋಯುತ್ತಿದೆಯೇ. ಚಳಿಯಾಗುತ್ತಿದೆಯೇ. ಇನ್ನು ಸ್ವಲ್ಪವೇ. ಜಾಣೆ. ಹೆದರಬೇಡ. ನಾನು ಇಲ್ಲೇ ಇದ್ದೇನೆ. ಒಟ್ಟು ಅರವತ್ತೊಂದು. ‘ನಾನು ನಿನ್ನ ಅಮ್ಮ’ ಎಂಬುದು ಇಲ್ಲಿ ಯಾರೂ ಆಡುವ ಮಾತಲ್ಲ. ಅದನ್ನು ಕೊನೆಗೆ ನಾನು ಸೇರಿಸಿದೆ. ಅದೊಂದೇ ನಾನು ಸೇರಿಸಿದ್ದು.

ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡು. ರೋರಿಯ ಮುಂದೆ ಹೇಳು, ಅವನು ನಕ್ಕರೆ ನಗಲಿ.

ಡೊಲಿನಾ

8 ಜೂನ್ 1952

ಡೊಲಿನಾ ಅವರಿಗೆ,

ಅವಳು ಬಂದು ಹತ್ತೊಂಬತ್ತು ದಿನವಾಯಿತು. ಇಷ್ಟು ದಿನ ಬರೆಯಲು ಕೈ ಏಳಲಿಲ್ಲ.

ಹಡಗು ಇಳಿಯುವಾಗ ಒಬ್ಬ ನರ್ಸ್ ಅವಳ ಕೈ ಹಿಡಿದಿದ್ದಳು. ಎಷ್ಟು ಉದ್ದ ಬೆಳೆದಿದ್ದಾಳೆ. ನಾನು ಅರವತ್ತೆರಡನೆಯ ಮಾತನ್ನೇ ಮೊದಲು ಆಡಿದೆ. ನಾನು ನಿನ್ನ ಅಮ್ಮ, ಎಂದೆ. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಅವಳು ಕೈ ಚಾಚಿ ನನ್ನ ಕೈ ಕುಲುಕಿದಳು. “ಭೇಟಿಯಾದದ್ದು ಸಂತೋಷ” ಎಂದಳು. ಇಲ್ಲಿಯ ಹೆಂಗಸರು ಮುಖ ತಿರುಗಿಸಿಕೊಂಡರು. ನಾನು ಕೈ ಬಿಡದೆ ನಿಂತೆ.

ಗಲಾಟೆ ಮಾಡುವುದಿಲ್ಲ, ಅಳುವುದಿಲ್ಲ, ಏನೂ ಬೇಡುವುದಿಲ್ಲ. ಅವಳು ಒಮ್ಮೆ ಹಟ ಮಾಡಿದ್ದರೆ ಹರಕೆ ತೀರಿಸುತ್ತಿದ್ದೆ. ತಟ್ಟೆಯಲ್ಲಿಟ್ಟದ್ದನ್ನು ತಿನ್ನುತ್ತಾಳೆ. ಹಾಲು ಕುದಿಸಿಯೇ ಕೊಡುತ್ತೇನೆ, ನೆರೆಮನೆಯ ಹಾಲು. ಬಟ್ಟಲು ಅವಳ ಕೈಗೆ ಕೊಡುವಾಗ ನನ್ನ ಕೈ ನಡುಗುತ್ತದೆ. ಅವಳು ನೋಡಿ “ನಿಮಗೆ ಚಳಿಯಾಗುತ್ತಿದೆಯೇ?” ಎಂದು ಕೇಳುತ್ತಾಳೆ. ಅಷ್ಟು ನನಗೆ ಅರ್ಥವಾಗುತ್ತದೆ. ಇಲ್ಲ ಎನ್ನುತ್ತೇನೆ. ರೋರಿ ಮಾತ್ರ ಅವಳ ಕಾಲಿನ ಕಬ್ಬಿಣ ಬಡಿದು “ಟಣ್ ಟಣ್” ಅನ್ನುತ್ತಾನೆ, ಅವನಿಗೆ ಯಾವ ಮಾತೂ ಅಡ್ಡಿಯಿಲ್ಲ.

ಇವತ್ತು ಬೆಳಿಗ್ಗೆ ಅವಳನ್ನು ಮಾಖರ್ ಬಯಲಿಗೆ ಎತ್ತಿಕೊಂಡು ಹೋದೆ. ಹೋದ ವರ್ಷದ ಜೂನಿನಿಂದ ನಾನು ಅತ್ತ ಹೋಗಿರಲಿಲ್ಲ. ಇವತ್ತೂ ದಿಬ್ಬದ ತನಕ ಹೋಗಿ ಕಾಲು ಕಿತ್ತಿಡಲಾರದೆ ನಿಂತೆ. ಆದರೆ ಆಸ್ಪತ್ರೆಯಲ್ಲಿ ಎರಡು ವರ್ಷ ಸೂರು ನೋಡಿದ ಮಗು, ಹೊರಗೆ ಗಾಳಿ ಇಲ್ಲ, ಬಿಸಿಲು ಹಿತವಾಗಿದೆ. ನನ್ನ ಸಂಕಟಕ್ಕಾಗಿ ಅವಳನ್ನು ಒಳಗೆ ಕೂರಿಸಿಕೊಳ್ಳುವುದು ಸರಿಯೇ? ಹುಲ್ಲಿನ ಮೇಲೆ ಕಂಬಳಿ ಹಾಸಿ ಮಲಗಿಸಿದೆ.

ಎರಡು ಬೇಸಿಗೆ ನಾನು ಬರೆದದ್ದೆಲ್ಲ ಅಲ್ಲಿತ್ತು ಡೊಲಿನಾ. ಎಡಗಡೆ ಆರ್ಕಿಡ್, ಅವಳ ಕಿವಿಗೆ ತಾಗುವಷ್ಟು ಹತ್ತಿರ. ಬಲಗಡೆ ಟಿಟ್ಟಿಭ ಎರಡು ಮರಿ ಕಟ್ಟಿಕೊಂಡು ಓಡಾಡುತ್ತಿತ್ತು. ದುಂಬಿಗಳು ಕ್ಲೋವರಿಗೆ ಮುತ್ತಿದ್ದವು. ಹುಲ್ಲುಕೋಳಿ ಕೂಗುತ್ತಲೇ ಇತ್ತು. ಅವಳು ಒಂದನ್ನೂ ನೋಡಲಿಲ್ಲ. ಎರಡು ಕೈಯನ್ನೂ ಪಕ್ಕಕ್ಕೆ ಅಂಟಿಸಿಕೊಂಡು, ಕಣ್ಣು ಮೇಲಕ್ಕೆ ನೆಟ್ಟು, ನೇರ ಮಲಗಿದ್ದಳು. ಬಾನಾಡಿಯನ್ನು ನೋಡುತ್ತಿದ್ದಾಳೆ ಎಂದುಕೊಂಡೆ. ಮೇಲೆ ಬಾನಾಡಿ ಇರಲಿಲ್ಲ. ಅರ್ಧ ಗಂಟೆಯಾಯಿತು. ಇವಳಿಗೆ ಇದ್ಯಾವುದೂ ಬೇಡವಾಗಿದೆ, ನನ್ನ ಬಯಲೂ ಬೇಡ, ನಾನೂ ಬೇಡ ಎಂದುಕೊಂಡು ನಾನು ಆ ಕಡೆ ತಿರುಗಿ ಅಳುತ್ತಾ ಕೂತೆ.

ಆಗ ಹಿಂದಿನಿಂದ ಅವಳ ದನಿ ಕೇಳಿತು, ತುಂಬಾ ಮೆಲ್ಲಗೆ. “ನರ್ಸ್, ನಾನು ಈಗ ತಲೆ ತಿರುಗಿಸಬಹುದೇ?”

ನಿಮ್ಮ ಹಾಳೆಯಲ್ಲಿ ಅದು ನಲವತ್ತನೆಯದು. ಉತ್ತರ ನಲವತ್ತೊಂದನೆಯದು. ನಾನು ನರ್ಸ್ ಅಲ್ಲ ಎನ್ನಲಿಲ್ಲ. ಕಣ್ಣೊರೆಸಿಕೊಂಡು, ಹೌದು, ಈಗ ತಿರುಗಿಸಬಹುದು, ಎಂದೆ, ಅವರು ಹೇಳುವ ಹಾಗೆಯೇ. ಅವಳು ತಿರುಗಿಸಿದಳು. ಮೊದಲು ಎಡಕ್ಕೆ. ಆಮೇಲೆ ಬಲಕ್ಕೆ ತಿರುಗುವ ಮುಂಚೆ ಮತ್ತೆ ಕೇಳಿದಳು.

ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ ಎನ್ನುವುದನ್ನು ಅವಳ ಮಾತಿನಲ್ಲಿ ಹೇಗೆ ಹೇಳುತ್ತಾರೆ? ಹಾಳೆಯನ್ನು ಮೂರು ಸಲ ನೋಡಿದೆ, ಅದರಲ್ಲಿ ಇಲ್ಲ. ಗುರುವಾರದವರೆಗೆ ಕಾಯಬೇಡಿ.

ಮಾರ್ಸಲಿ